ಹಲ್ಲಿದ್ದವನಿಗೆ ದರ್ಶನವಿಲ್ಲ

ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ ಸಕ್ಕರೆ ಕಾಯಿಲೆಗಿಂತ ಇಸವಿ ಕಾಯಿಲೆ ಜೋರು. ನೆರೆಮನೆಯ ಪೊರ್ಬುಗಳು ಹಳೆ ಗೋವಾಕ್ಕೆ, ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆ ಹೊರಟವರು, "ಮಾಸ್ಟ್ರೆ, ಕಾರಲ್ಲಿ ಒಂದು ಸೀಟುಂಟು, ಬರ್ತೀರಾ?" ಎಂದದ್ದೇ ತಡ, ದಿನ ಗೊತ್ತುಮಾಡುವ ಯಜಮಾನಿಕೆ ನಾನೇ ಹೊತ್ತುಕೊಂಡೆ. ಸಂತರ ಶರೀರವನ್ನು ಕೆಳಗಿಳಿಸಿ ಜನರಿಗೆ ತೋರಿಸುವುದು ಹತ್ತು ವರ್ಷಕ್ಕೊಮ್ಮೆ. ಈ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಅಷ್ಟು ದಿನವಿದ್ದರೂ ನನಗೆ ಡಿಸೆಂಬರ್ 3ನೇ ತಾರೀಕೇ ಆಗಬೇಕು. 1552ರಲ್ಲಿ ಅವರು ಚೀನಾ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡದ್ದು ಅಂದೇ ತಾನೆ?

"ಫೆಸ್ತಿನ ದಿನ ರಶ್ಶಿರ್ತದಲ್ಲ ಮಾರಾಯ್ರೆ" ಎಂದರು ಪೊರ್ಬುಗಳ ಹೆಂಡತಿ ಬಾಯಮ್ಮ. ಪುಣ್ಯತಿಥಿಯ ಮಹತ್ವ ಅವರಿಗೇನು ಗೊತ್ತು!

ಗೋವಾಕ್ಕೆ ಗೋವಾವೇ ಅದೇ ತಿಥಿ ಹಿಡಿದು ಬಂದಿತ್ತು. ಸೆ ಕೆಥೆಡ್ರಲ್ಲಿನ ಸಾಲು ಅಲ್ಲಾಡಲೊಲ್ಲದು. ಹೊತ್ತು ಹೋಗಲೆಂದು ಪಾಠ ಶುರುಮಾಡಿದೆ. 1614ರಲ್ಲಿ ಬಲ ಮುಂಗೈ ರೋಮಿಗೆ ಹೋಯಿತು, 1622ರಲ್ಲಿ ಸಂತ ಪದವಿ ಬಂತು, ಜೆಸ್ವಿಟರು ಶರೀರವನ್ನು ಸಾಗಿಸಿಬಿಟ್ಟಿದ್ದಾರೆಂಬ ಗಾಳಿಸುದ್ದಿ ಅಡಗಿಸಲೆಂದೇ 1782ರಲ್ಲಿ ಮೊದಲ ಬಾರಿ ಜನರಿಗೆ ತೋರಿಸಿದರು... ಯಾರೂ ತಿರುಗಿ ನೋಡಲಿಲ್ಲ. ಕಡೆಗೆ ಬ್ರಹ್ಮಾಸ್ತ್ರ ಬಿಟ್ಟೆ: 1554ರಲ್ಲಿ ಶರೀರ ಗೋವಾಕ್ಕೆ ಬಂದಾಗ, ಭಕ್ತೆಯೊಬ್ಬಳು ಪಾದಕ್ಕೆ ಮುತ್ತಿಡುವ ನೆವದಲ್ಲಿ ಬೆರಳನ್ನೇ ಕಚ್ಚಿಕೊಂಡು ಹೋದಳೆಂಬ ಕಥೆ.

"ಹೇಗೆ ಕಚ್ಚಿದ್ದು?" ಎಂದಿತು ಮುಂದಿದ್ದ ಮಗು.

ಮೇಷ್ಟ್ರಿಗೆ ಇಂಥ ಶಿಷ್ಯ ಸಿಕ್ಕಿದರೆ ಬಿಟ್ಟಾನೆಯೆ? ಬಗ್ಗಿ, ಬಾಯಿ ಅಗಲಿಸಿ, ಗಬಕ್ಕನೆ ಕಚ್ಚಿ ತೋರಿಸಿದೆ. ಮಗು ಅಮ್ಮನ ಕಡೆ ತಿರುಗಿ, ಇಡೀ ಇಗರ್ಜಿಗೆ ಕೇಳುವ ಹಾಗೆ ಕೊಂಕಣಿಯಲ್ಲಿ ಸಾರಿತು: "ಈ ಅಜ್ಜ ಬೆರಳು ಕಚ್ತಾರಂತೆ!"

ಅಲ್ಲಿಂದ ದಪ್ಪ ಮೀಸೆಯ ಸ್ವಯಂಸೇವಕನ ಕಣ್ಣು ನನ್ನ ಬಾಯಿ ಬಿಟ್ಟು ಕದಲಲಿಲ್ಲ. ಮಧ್ಯೆ ಗಾಜಿನ ಪೆಟ್ಟಿಗೆಯಿದೆ, ನನ್ನ ಹಲ್ಲು ಚಕ್ಕುಲಿಗೇ ಸೋಲುತ್ತದೆ ಎಂದೆಲ್ಲ ಅವನಿಗೆ ಹೇಳುವುದು ಹೇಗೆ? ಸರದಿ ಬಂತು. ಸಭ್ಯನೆನಿಸಿಕೊಳ್ಳಲು ಬಾಯಿಗೆ ಕರವಸ್ತ್ರ ಒತ್ತಿ ಅವನತ್ತಲೇ ನೋಡುತ್ತ ತಲೆಯಾಡಿಸಿದೆ. ಅವನಿಗೆ ಸಂಶಯ ಇನ್ನೂ ಬಲವಾಯಿತು. ಪಕ್ಕಕ್ಕೇ ಬಂದು ನಿಂತ. "ಮುಂದೆ, ಮುಂದೆ" ಎಂದು ಬೆನ್ನಿಗೆ ಕೈ ಬಿತ್ತು. ಕತ್ತು ತಿರುಗಿಸಿದರೆ ಆಗಲೇ ಹೊರಗಿನ ಬಿಸಿಲು.

"ಎಷ್ಟು ಚಂದ ಕಂಡಿತು ಅಲ್ವಾ?" ಎಂದರು ಬಾಯಮ್ಮ ಕಾರಿನಲ್ಲಿ.

ನಾನು ಕಂಡದ್ದು ಮೀಸೆ ಮಾತ್ರ. ಹಾಗೆಂದೂಬಿಟ್ಟೆ.

"ಬೇಜಾರು ಬೇಡ ಮಾಸ್ಟ್ರೆ," ಎಂದರು ಪೊರ್ಬುಗಳು ಗೇರು ಬದಲಿಸುತ್ತ. "2034ಕ್ಕೆ ಪುನಃ ಉಂಟಲ್ಲ. ಅಷ್ಟರಲ್ಲಿ ನಿಮ್ಮ ಹಲ್ಲೆಲ್ಲ ಉದುರಿರ್ತದೆ, ಯಾರಿಗೂ ಸಂಶಯ ಬರುವುದಿಲ್ಲ."