ರೇಂಜಪ್ಪನ ಕಬ್ಬಿನ ಜಲ್ಲೆ

ಮೀನಮೇಷ ಎಣಿಸುವವರು ಎಲ್ಲ ಕಾಲದಲ್ಲೂ ಇದ್ದರು. ಎಣಿಸುವುದಕ್ಕೆ ಕಿಲೋವ್ಯಾಟ್ ಅವರ್ ಸಿಕ್ಕಿದ್ದು ಮಾತ್ರ ಈಚೆಗೆ. ಮನೆಯಲ್ಲಿರುವ ಎಲೆಕ್ಟ್ರಿಕ್ ಕಾರನ್ನು ಕೊಟ್ಟು ಇನ್ನೊಂದು ಮಾಡೆಲ್ ತರಲೋ ಬೇಡವೋ ಎಂದು ವರ್ಷಗಟ್ಟಲೆ ತೀರ್ಮಾನಿಸುತ್ತಲೇ ಇರುವ ಗೃಹಸ್ಥನನ್ನು ರೇಂಜಪ್ಪ ಎನ್ನೋಣ. ಬೆಂಗಳೂರಿನಲ್ಲಿ ಬೇಸ್‌ಮೆಂಟಿಗೊಬ್ಬನಂತೆ ಸಿಗುತ್ತಾನಾದರೂ ಈ ತಳಿಯ ಅಸಲಿ ಮಾಲು ನೋಡಬೇಕೆಂದರೆ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಗೆ ಹೋಗಬೇಕು. ಅಲ್ಲಿ ಒಕ್ಕಲಿಗ ಕಾಪ್ಪಿಲಿಯರು, ಪಕ್ಕದ ದಿಂಡಿಗಲ್ ಸೀಮೆಯಲ್ಲಿ ಅನುಪ್ಪರು ಎಷ್ಟೋ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಕಾಪಾಡಿಕೊಂಡು ಬಂದಿದ್ದಾರೆ. ಓದು ಬರಹ, ಅಂಗಡಿ ಮುಂಗಟ್ಟು ತಮಿಳು. ರೇಂಜಪ್ಪ ಇವೆರಡರ ನಡುವೆ ಮೂರನೆಯ ಭಾಷೆಯೊಂದನ್ನು ತಂದು ಕೂರಿಸಿದ್ದಾನೆ. ಅದರಲ್ಲಿ ಕ್ರಿಯಾಪದ ಕಮ್ಮಿ, ಪರ್ಸೆಂಟ್ ಜಾಸ್ತಿ. ಊಟ ಆಯಿತೇ ಎಂದರೆ "ಅರವತ್ತೆಂಟು ಇದೆ" ಎನ್ನುವಷ್ಟು. ಮನುಷ್ಯ ಕೆಟ್ಟವನಲ್ಲ. ನೆರೆಮನೆಯ ಮಗುವಿಗೆ ನಡುರಾತ್ರಿ ಜ್ವರ ಏರಿದರೆ ತೇನಿಯ ಆಸ್ಪತ್ರೆಗೆ ಮೊದಲು ಹೊರಡುವ ಗಾಡಿ ಅವನದೇ. ಗಾಡಿ ಹೊರಟ ಮೇಲೆ ಮಾತು ಶುರುವಾಗುತ್ತದೆ, ಅಷ್ಟೇ ತೊಂದರೆ.

ಈ ಮಾತು ತಾರಕಕ್ಕೇರುವುದು ಕುಮಳಿ ಘಟ್ಟದಲ್ಲಿ. ಲೋವರ್ ಕ್ಯಾಂಪಿನಿಂದ ಕೇರಳದ ಗಡಿಗೆ ರಸ್ತೆ ಸುತ್ತಿ ಸುತ್ತಿ ಏರತೊಡಗಿದ್ದೇ ರೇಂಜಪ್ಪ ಏಸಿ ಆರಿಸುತ್ತಾನೆ, ಹಾಡು ನಿಲ್ಲಿಸುತ್ತಾನೆ. ಹಾಡು ತಿನ್ನುವ ಕರೆಂಟು ಲೆಕ್ಕಕ್ಕೇ ಇಲ್ಲವೆಂದು ಅವನಿಗೆ ಗೊತ್ತು. ಆದರೂ ಗಂಭೀರ ಸಂದರ್ಭದಲ್ಲಿ ಹಾಡು ಸಲ್ಲದು. ತಿರುವಿಗೊಂದು ಪ್ರಕಟಣೆ: ಅರವತ್ತೊಂದು, ಅರವತ್ತು, ಐವತ್ತೊಂಬತ್ತು. ಹಿಂದೆ ಕುಳಿತವರು ಕಿಟಕಿ ಇಳಿಸಿ, ಮುಂದಿನ ಶಬರಿಮಲೆ ಬಸ್ಸಿನ ಹೊಗೆ ಕುಡಿಯುತ್ತ, ಐವತ್ತೆಂಟಕ್ಕೆ ಕಾಯುತ್ತಾರೆ. ಲೆಕ್ಕ ಹಾಕಿದರೆ ಈ ಮಹಾಯುದ್ಧ ಎಷ್ಟರದು? ಜನ ಸಮೇತ 1,700 ಕಿಲೋ ತೂಗುವ ಕಾರನ್ನು 500 ಮೀಟರ್ ಎತ್ತರಕ್ಕೆ ಎತ್ತಲು ಬೇಕಾದದ್ದು 2.3 ಯೂನಿಟ್. ಮೋಟಾರಿನ ನಷ್ಟ, ಟೈರಿನ ಉಜ್ಜಾಟ ಸೇರಿಸಿ ಮೂರೂವರೆ ಎನ್ನಿ. ಮನೆಯ ಏಸಿ ಒಂದು ಮಧ್ಯಾಹ್ನ ತಿನ್ನುವಷ್ಟು. (ಇಷ್ಟೆಲ್ಲ ಲೆಕ್ಕ ಹಾಕಿದವನೂ ಅದೇ ಗೋತ್ರದವನಿರಬೇಕು ಎಂಬ ಗುಮಾನಿ ಓದುಗರಿಗೆ ಬಂದರೆ ನನ್ನ ತಕರಾರಿಲ್ಲ.) ಇಳಿಯುವಾಗ ಅದರಲ್ಲೊಂದು ಪಾಲು ಬ್ಯಾಟರಿಗೇ ಮರಳುತ್ತದೆ, ಚಕ್ರದ ವೇಗ ತಡೆಯುವ ಮೋಟಾರೇ ಡೈನಮೋ ಆಗಿಬಿಡುವುದರಿಂದ. ಆಗ ನೋಡಬೇಕು ಅವನ ಮುಖ. ಮುಲ್ಲಪೆರಿಯಾರಿನ ನೀರು 1895ರಿಂದ ಇದೇ ಗುಡ್ಡ ತೂರಿ ಕಣಿವೆಗೆ ಇಳಿಯುತ್ತಿದೆ. ಅದೇ ನೀರಿನಿಂದ ಲೋವರ್ ಕ್ಯಾಂಪಿನಲ್ಲಿ ದಶಕಗಳಿಂದ ವಿದ್ಯುತ್ ತೆಗೆಯುತ್ತಿದ್ದಾರೆ. ರೇಂಜಪ್ಪ ಕಾರಿಳಿಸಿ ನಾಲ್ಕು ಪರ್ಸೆಂಟ್ ಹುಟ್ಟಿಸಿದ ಕೂಡಲೇ ಅಣೆಕಟ್ಟು ಕಟ್ಟಿದ ಪೆನ್ನಿಕ್ವಿಕ್ ಸಾಹೇಬನ ಪಕ್ಕದಲ್ಲಿ ತಾನೂ ಹೋಗಿ ನಿಂತುಕೊಳ್ಳುತ್ತಾನೆ.

ಕಾರು ಬದಲಿಸಬೇಕೆಂಬ ವಾದ ಹುಟ್ಟುವುದು ಈ ಘಟ್ಟದಲ್ಲೇ. ಅವನದು 2020ರ ಜನವರಿಯಲ್ಲಿ ಬಂದ ಮೊದಲ ನೆಕ್ಸಾನ್ ಇವಿ ಎಂದಿಟ್ಟುಕೊಳ್ಳಿ: 30.2 ಯೂನಿಟ್ಟಿನ ಬ್ಯಾಟರಿ, ಪ್ರಮಾಣಪತ್ರದಲ್ಲಿ 312 ಕಿಲೋಮೀಟರ್, ರಸ್ತೆಯಲ್ಲಿ ಇನ್ನೂರರ ಆಸುಪಾಸು. ಜಾತಕಕ್ಕೂ ಗಂಡಿಗೂ ಇರುವಷ್ಟು ಅಂತರ ಎಲ್ಲ ಕಂಪನಿಗಳ ಅಂಕಿಯಲ್ಲೂ ಇರುತ್ತದೆ, ಅದು ದೊಡ್ಡ ದೂರಲ್ಲ. ಆದರೆ ಅವನಿಗೆ ಬೇಕಾಗಿರುವುದೆಷ್ಟು? ಕಂಬಂನಿಂದ ತೇನಿಗೆ ನಲವತ್ತು ಕಿಲೋಮೀಟರ್. ಹೋಗಿ ಬಂದು, ದಾರಿಯಲ್ಲಿ ಚಿನ್ನಮನೂರಿನ ಸಂತೆ ಸುತ್ತಿದರೂ ನೂರು ಮುಟ್ಟುವುದು ಕಷ್ಟ. ಹಾಗಿದ್ದರೂ ಇನ್ನೂರು ಸಾಲದು ಏಕೆಂದರೆ ವರ್ಷಕ್ಕೊಮ್ಮೆ ಬೆಂಗಳೂರಿನಲ್ಲೊಂದು ಮದುವೆ ಇರುತ್ತದೆ. ದಿಂಡಿಗಲ್, ಕರೂರು, ಸೇಲಂ, ಕೃಷ್ಣಗಿರಿ, ಹೊಸೂರು ಹಾದು ಹೋಗುವ ಆ ದಾರಿ ಐನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಹೋಗುವ ಒಂದು ದಿನ, ಬರುವ ಒಂದು ದಿನ ಸೇರಿ ಉಳಿದ 363 ದಿನಗಳ ಕಾರನ್ನು ಗೊತ್ತು ಮಾಡುತ್ತವೆ, ಪೊಂಗಲಿಗೆ ಬರುವ ನೆಂಟರನ್ನು ನೆನೆದು ಹನ್ನೆರಡು ಕೋಣೆಯ ಮನೆ ಕಟ್ಟಿಸಿದ ಹಾಗೆ. ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗಿಳಿದಾಗ ಒಂದು ಚಾರ್ಜಿಗೆ ಓಡುತ್ತಿದ್ದದ್ದು ಸುಮಾರು 80 ಕಿಲೋಮೀಟರ್. ಕೊಂಡವರು ಜಯನಗರದಿಂದ ಎಂ.ಜಿ. ರೋಡಿಗೆ ಹೋಗಿ ಬಂದು, ಪ್ಲಗ್ ಸಿಕ್ಕಿಸಿ, ಮಲಗುತ್ತಿದ್ದರು. ಅದರಲ್ಲಿ ತಿರುಪತಿಗೆ ಹೋಗುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಎಂಬತ್ತು ಇದ್ದಾಗ ಇಲ್ಲದ ಚಿಂತೆ ಇನ್ನೂರಕ್ಕೆ ಹುಟ್ಟಿತೆಂದ ಮೇಲೆ ನಾನೂರಕ್ಕೆ ಸಾಯುತ್ತದೆ ಎಂದು ನಂಬುವುದು ಹೇಗೆ?

ಹಾಗಾದರೆ ಬದಲಿಸಿಬಿಡುತ್ತಾನೆಯೇ? ಅದೂ ಇಲ್ಲ. 2022ರ ಮೇ ತಿಂಗಳಲ್ಲಿ 40.5 ಯೂನಿಟ್ಟಿನ ನೆಕ್ಸಾನ್ ಮ್ಯಾಕ್ಸ್ ಬಂದಾಗ ಇನ್ನೊಂದು ಬರಲಿ ನೋಡೋಣ ಎಂದ. 2024ರ ಆಗಸ್ಟಿನಲ್ಲಿ ಕರ್ವ್, ಸೆಪ್ಟೆಂಬರಿನಲ್ಲಿ ವಿಂಡ್ಸರ್ ಬಂದವು. ಒಂದರ ಬೆನ್ನು ಇಳಿಜಾರು, ಇನ್ನೊಂದರ ಬ್ಯಾಟರಿಗೆ ಬಾಡಿಗೆ ಕಟ್ಟುವ ಯೋಜನೆ ಅರ್ಥವಾಗಲಿಲ್ಲ. ನವೆಂಬರಿನಲ್ಲಿ ಮಹೀಂದ್ರದ ಬಿಇ 6ಇ ಬಂತು. ಒಂದು ವಿಮಾನ ಕಂಪನಿ ತಕರಾರು ತೆಗೆದು ಡಿಸೆಂಬರಿನಲ್ಲಿ ಅದು ಬರೀ ಬಿಇ 6 ಆಯಿತು. ಹೆಸರೇ ನಿಂತಿಲ್ಲ, ತಡೆಯೋಣ ಎಂದ. 2025ರ ಜನವರಿಯಲ್ಲಿ ಕ್ರೆಟಾ ಎಲೆಕ್ಟ್ರಿಕ್ ಬರುವ ಹೊತ್ತಿಗೆ ಅವನ ಹತ್ತಿರ ಪಂಚಾಂಗವೂ ಸಾಕ್ಷಿಗೆ ನಿಂತಿತ್ತು. ವರ್ಷಾಂತ್ಯದ ರಿಯಾಯಿತಿಯೆಲ್ಲ ಡಿಸೆಂಬರಿನ ಕೊನೆಗೆ ಬರುತ್ತದೆ. ಅದು ಮಾರ್ಗಳಿ, ನಮ್ಮ ಧನುರ್ಮಾಸ, ಹೊಸ ಗಾಡಿ ಮನೆಗೆ ತರುವಂತಿಲ್ಲ. ತೈ ತಿಂಗಳು ಹುಟ್ಟಿ ದಾರಿ ತೆರೆಯುವಷ್ಟರಲ್ಲಿ ರಿಯಾಯಿತಿ ಮುಗಿದು ಹೊಸ ಬೆಲೆ ಬಂದಿರುತ್ತದೆ. ಆಡಿ ತಿಂಗಳಲ್ಲೂ ಇದೇ ಪಾಡು. ರಿಯಾಯಿತಿ ಇದ್ದಾಗ ಮುಹೂರ್ತವಿಲ್ಲ, ಮುಹೂರ್ತವಿದ್ದಾಗ ರಿಯಾಯಿತಿಯಿಲ್ಲ. ಇಂಥ ಅಡಕತ್ತರಿಯಲ್ಲಿ ಸಿಕ್ಕವನು ನರಳಬೇಕಿತ್ತು. ಇವನು ಮಾತ್ರ ಅಲ್ಲಿ ದಿಂಬು ಹಾಕಿಕೊಂಡು ಮಲಗಿದ್ದಾನೆ.

ಇದು ಅವನ ಸ್ವಭಾವದ ದೋಷವಲ್ಲ, ಕ್ರಮದ ದೋಷ ಎಂಬುದು ನನ್ನ ವಾದ. ಸರಿಯಾದ ಕ್ರಮ ಅವನ ಊರಲ್ಲೇ ಇದೆ. ಕಂಬಂನಲ್ಲಿ ಒಕ್ಕಲಿಗರ ದೇವರ ದನಗಳ ದೊಡ್ಡಿಯಿದೆ. ತಮಿಳಿನಲ್ಲಿ ತಂಬಿರಾನ್ ಮಾಡು ಎನ್ನುತ್ತಾರೆ, ಅವರ ಮನೆಮಾತಿನಲ್ಲಿ ದೇವರ ಆವು. ನಾವು ಹಳಗನ್ನಡದ ಪಾಠದಲ್ಲಿ ಬಿಟ್ಟು ಬಂದ 'ಆವು' ಅಲ್ಲಿ ಇನ್ನೂ ಮೇಯುತ್ತಿದೆ. ಹಿಂಡಿಗೊಂದು ಪಟ್ಟದ ಹೋರಿ. ಅದು ಸತ್ತರೆ ಉತ್ತರಾಧಿಕಾರಿಯನ್ನು ಆರಿಸುವ ಬಗೆಯನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ದಾಖಲಿಸಿದ್ದಾನೆ. ಮಕರ ಸಂಕ್ರಾಂತಿಯ ದಿನ ಹಿಂಡನ್ನೆಲ್ಲ ಸೇರಿಸಿ, ಕರ್ಪೂರ ಬಾಳೆಹಣ್ಣಿನ ಪೂಜೆಯೊಂದಿಗೆ ಒಂದು ಕಟ್ಟು ಕಬ್ಬನ್ನು ಮುಂದಿಟ್ಟು ಎಲ್ಲರೂ ಕಣ್ಣಿಟ್ಟು ಕಾಯುತ್ತಾರೆ. ಯಾವ ಹೋರಿ ಕಬ್ಬಿಗೆ ಬಂತೋ ಅದಕ್ಕೇ ಪಟ್ಟ. ಕುಂಕುಮ, ಹಾರ, ಮೆರವಣಿಗೆ. ಇಲ್ಲಿ ಎರಡು ಸೂಕ್ಷ್ಮಗಳಿವೆ. ಹಳೆಯ ಹೋರಿ ಗಟ್ಟಿಯಾಗಿರುವಾಗ ಯಾರೂ ಕಬ್ಬು ಕಡಿಯುವುದಿಲ್ಲ. ಕಬ್ಬನ್ನು ಮೊದಲು ಇಡುತ್ತಾರೆ, ಹೋರಿ ಆಮೇಲೆ ಬರುತ್ತದೆ. ರೇಂಜಪ್ಪ ಎರಡನ್ನೂ ತಿರುಗಾಮುರುಗಾ ಮಾಡಿಕೊಂಡಿದ್ದಾನೆ. ಪಟ್ಟದ ಹೋರಿ ಅಂಗಳದಲ್ಲಿ ಮೆಲುಕು ಹಾಕುತ್ತಿರುವಾಗಲೇ ಉಳಿದವುಗಳ ಹಲ್ಲು ಎಣಿಸುತ್ತಾನೆ. ಒಂದೊಂದು ಹೋರಿ ಕಂಡಾಗಲೂ ಕಬ್ಬಿನ ಜಲ್ಲೆಯನ್ನು ಎತ್ತಿ ಇನ್ನೊಂದು ಕಡೆ ಇಡುತ್ತಾನೆ. ನಿನ್ನೆ ರೇಂಜ್, ಇವತ್ತು ಬೂಟಿನ ಅಗಲ, ನಾಳೆ ಸನ್‌ರೂಫ್.

ಹೋರಿಗೂ ಕಾರಿಗೂ ಎಲ್ಲಿಯ ಹೋಲಿಕೆ, ಹೋರಿಗೆ ಮರುಮಾರಾಟದ ಬೆಲೆಯಿಲ್ಲ ಎಂದು ಅವನು ಹೇಳುತ್ತಾನೆ. ನಿಜ, ಆದರೆ ಆ ಬೆಲೆ ಕಾರಿನೊಳಗೂ ಇಲ್ಲ. ಮಾರಿದ ಗಳಿಗೆಯಲ್ಲಷ್ಟೇ ಅದು ಹುಟ್ಟುವುದು, ಹುಟ್ಟುವುದೇ ನಷ್ಟದ ರೂಪದಲ್ಲಿ. ಎಲೆಕ್ಟ್ರಿಕ್ ಕಾರಿನ ಬೆಲೆ ಮೊದಲ ವರ್ಷಗಳಲ್ಲೇ ಜರ್ರೆಂದು ಇಳಿದಿರುತ್ತದೆ. ಐದಾರು ವರ್ಷ ಓಡಿಸಿದವನು ಆ ಪೆಟ್ಟು ತಿಂದಾಗಿದೆ, ಈಗ ಹೊಸದು ತಂದರೆ ಎರಡನೆಯ ಪೆಟ್ಟಿಗೆ ತಾನೇ ಬೆನ್ನು ಕೊಟ್ಟಂತೆ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಹಳೆಯ ಕಾರುಗಳ ಮೇಲೆ ಶೇಕಡಾ 18 ಹಾಕಿದೆ ಎಂಬುದು ಅವನ ಇನ್ನೊಂದು ಅಳಲು. ಅದು ನೋಂದಾಯಿತ ವ್ಯಾಪಾರಿಗೆ ಸಿಗುವ ಲಾಭಾಂಶದ ಮೇಲಿನ ತೆರಿಗೆ. ಒಬ್ಬ ಗೃಹಸ್ಥ ಇನ್ನೊಬ್ಬ ಗೃಹಸ್ಥನಿಗೆ ಕಾರು ಮಾರಿದರೆ ಅನ್ವಯಿಸುವುದಿಲ್ಲ. ಹೇಳಿದರೆ ಒಪ್ಪುತ್ತಾನೆ, ಮುಂದಿನ ಭಾನುವಾರ ಮತ್ತೆ ಅದನ್ನೇ ಹೇಳುತ್ತಾನೆ. ಬ್ಯಾಟರಿ ಸೊರಗಿದರೆ? ನಿಧಾನವಾಗಿ ಸೊರಗುತ್ತದೆ, ಮನುಷ್ಯನ ಹಾಗೆಯೇ. ಅದಕ್ಕೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿಯಿದೆ, ಅವಧಿ ಇನ್ನೂ ಮುಗಿದಿಲ್ಲ. ಇನ್ನೂರು ನೂರ ಎಂಬತ್ತಾದರೂ ತೇನಿ ಇದ್ದಲ್ಲೇ ಇರುತ್ತದೆ.

ಒಂದು ಆಕ್ಷೇಪಣೆ ಮಾತ್ರ ಗಟ್ಟಿ, ಅದನ್ನು ಒಪ್ಪಲೇಬೇಕು. ಹಳೆಯ ಕಾರು ಹೆದ್ದಾರಿಯ ಚಾರ್ಜರಿನಲ್ಲಿ ಎಂಬತ್ತು ಪರ್ಸೆಂಟಿಗೆ ಬರಲು ಒಂದು ಗಂಟೆ ಬೇಡುತ್ತದೆ. ಬೆಂಗಳೂರು ಮುಟ್ಟುವಷ್ಟರಲ್ಲಿ ಮೂರು ಸಲ ನಿಲ್ಲಬೇಕು, ಚಾರ್ಜರ್ ಕೆಟ್ಟಿದ್ದರೆ ಅಥವಾ ಮುಂದೆ ಇಬ್ಬರಿದ್ದರೆ ಮದುವೆಯ ಬದಲು ಆರತಕ್ಷತೆ. 59 ಅಥವಾ 79 ಯೂನಿಟ್ಟಿನ ಹೊಸ ಕಾರು ಒಮ್ಮೆ ನಿಂತು, ಚಹಾ ಕುಡಿಯುವಷ್ಟರಲ್ಲಿ ಎದ್ದು ಹೊರಡಬಲ್ಲದು, ಅಷ್ಟು ಬಲದ ಚಾರ್ಜರ್ ದಾರಿಯಲ್ಲಿ ಸಿಕ್ಕರೆ. ಆದರೆ ಅದೇ ಎರಡು ದಿನಕ್ಕೆ ದಿಂಡಿಗಲ್ ಜಂಕ್ಷನ್ನಿನಲ್ಲಿ ತೂತ್ತುಕುಡಿ-ಮೈಸೂರು ಎಕ್ಸ್‌ಪ್ರೆಸ್ ಇದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರೈಲೆಂದರೆ ರೇಂಜಪ್ಪನ ಮುಖ ಬಾಡುತ್ತದೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಸದ್ದಿಲ್ಲದೆ ಬಂದು ನಿಲ್ಲುವ ಗಾಡಿಯನ್ನು, "ಕಂಬಂನಿಂದ ಇದರಲ್ಲೇ ಬಂದಿರಾ?" ಎನ್ನುವ ಷಡ್ಡಕನ ಹುಬ್ಬನ್ನು ರೈಲು ಕೊಡಲಾರದು. ಆ ಹುಬ್ಬು ಯಾವ ಬ್ರೋಷರಿನಲ್ಲೂ ಇಲ್ಲ, ಅವನ ಹೋಲಿಕೆಯ ಪಟ್ಟಿಯಲ್ಲೂ ಇಲ್ಲ. ಪಟ್ಟಿಯನ್ನೆಲ್ಲ ಬರೆಸುತ್ತಿರುವುದು ಮಾತ್ರ ಅದೇ. ನಗುವುದು ಸುಲಭ. ಊರು ಬಿಟ್ಟು ಎಷ್ಟು ತಲೆಮಾರಾದರೂ ಕನ್ನಡದ ನೆಲದಲ್ಲಿ ಒಬ್ಬರು ಹುಬ್ಬೇರಿಸಿ ನೋಡಲಿ ಎಂಬ ಆಸೆಗೆ ಹದಿನೈದು ಇಪ್ಪತ್ತು ಲಕ್ಷ ಹೆಚ್ಚೆಂದು ಮೂರನೆಯವರು ಹೇಳುವುದು ಅಷ್ಟು ಸುಲಭವಲ್ಲ.

ಕುಟುಂಬದ ಕಾರಿಗೆ ನಿಜವಾದ ಕಬ್ಬು ಯಾವುದೆಂದು ಕೇಳಿದರೆ ನಾನು ಹಿಂದಿನ ಸೀಟು ಎನ್ನುತ್ತೇನೆ. ಪೆಟ್ರೋಲ್ ಕಾರಿನ ಮೈಗೇ ಬ್ಯಾಟರಿ ಜೋಡಿಸಿದ ಮಾದರಿಗಳಲ್ಲಿ ಬ್ಯಾಟರಿ ಕೂರುವುದು ನೆಲದಡಿಯಲ್ಲಿ; ಅಷ್ಟರ ಮಟ್ಟಿಗೆ ಹಿಂದೆ ನೆಲ ಮೇಲೆದ್ದು, ಕುಳಿತವರ ಮಂಡಿ ಹೊಟ್ಟೆಯ ಕಡೆಗೆ ಏರಿ, ತೊಡೆ ಸೀಟಿಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಎಲೆಕ್ಟ್ರಿಕ್ ಎಂದೇ ಹುಟ್ಟಿದ ಕಾರುಗಳಲ್ಲೂ ಇದು ಒಂದರಿಂದ ಒಂದಕ್ಕೆ ಬೇರೆ. ಬ್ರೋಷರಿನಲ್ಲಿ ಇದಕ್ಕೆ ಅಂಕಿ ಇರುವುದಿಲ್ಲ, ಕುಳಿತೇ ನೋಡಬೇಕು, ಅದೂ ಅರ್ಧ ಗಂಟೆ. ರೇಂಜಪ್ಪ ಶೋರೂಮಿಗೆ ಹೋಗುವುದು ಒಬ್ಬನೇ, ಕೂರುವುದು ಡ್ರೈವರ್ ಸೀಟಿನಲ್ಲಿ. ಅವನ ತಾಯಿ ಕಾರು ಹತ್ತಿದ ಹತ್ತು ನಿಮಿಷಕ್ಕೆ ಚಪ್ಪಲಿ ಕೆಳಗೆ ಬಿಟ್ಟು, ಎರಡೂ ಕಾಲು ಸೀಟಿನ ಮೇಲೆ ಮಡಚಿ ಕೂತುಬಿಡುತ್ತಾರೆ. ಅಮ್ಮನಿಗೆ ಚಕ್ಕಳಮಕ್ಕಳವೇ ಅಭ್ಯಾಸ, ಎನ್ನುತ್ತಾನೆ ಮಗ. ಕಾರು ಬದಲಿಸಲು ಅವನಲ್ಲಿರುವ ಒಂದೇ ಒಂದು ಒಳ್ಳೆಯ ಕಾರಣ ಹೀಗೆ ನಾಲ್ಕಾರು ವರ್ಷದಿಂದ ಅವನ ಬೆನ್ನಹಿಂದೆಯೇ ಮಂಡಿ ನೀವಿಕೊಳ್ಳುತ್ತ ಕೂತಿದೆ. ಘಟ್ಟ ಇಳಿದು ಗೂಡಲೂರು ಬರುವಷ್ಟರಲ್ಲಿ ಅಮ್ಮ ಕಾಲು ಬದಲಿಸಿ, ಇನ್ನೆಷ್ಟು ದೂರ ಎಂದು ಕೇಳುತ್ತಾರೆ.

"ಐವತ್ತೆರಡು ಪರ್ಸೆಂಟ್" ಎನ್ನುತ್ತಾನೆ ರೇಂಜಪ್ಪ.