ಕುಂಡದ ಮೇಷ್ಟ್ರು

ಕೊಟ್ಟೂರಿನ ನಮ್ಮ ಓಣಿಗೆ ಹೊಸಬರು ಬಾಡಿಗೆಗೆ ಬಂದರೆ ಮೂರನೇ ದಿನಕ್ಕೆ ಅವರ ಬಾಗಿಲಲ್ಲಿ ಒಂದು ಸಸಿ ಬಂದು ಕೂತಿರುತ್ತದೆ. ಹಾಲಿನ ಪ್ಯಾಕೆಟ್ಟಿನಲ್ಲಿ ನೆಟ್ಟದ್ದು, ತಳಕ್ಕೆ ಎರಡು ತೂತು, ಮೇಲೊಂದಿಷ್ಟು ಶೇಂಗಾ ಹೊಟ್ಟು. ಇಟ್ಟು ಹೋದವರು ಯಾರೆಂದು ವಿಚಾರಿಸುವ ಕಷ್ಟ ಬೇಡ. ಸಂಜೆಗೆ ಅವರೇ ಬಂದು, "ಬಿಸಲಿಗಿಟ್ಟೀರೋ, ನೆಳ್ಳಿಗಿಟ್ಟೀರೋ?" ಎನ್ನುತ್ತಾರೆ. ನಿಮ್ಮ ಹೆಸರು, ಊರು, ನೌಕರಿ ಕೇಳುವುದೆಲ್ಲ ಆಮೇಲೆ.

ಅವರು ನಿವೃತ್ತ ವಿಜ್ಞಾನ ಮೇಷ್ಟ್ರು. ಓಣಿಯ ಬಾಯಲ್ಲಿ ಕುಂಡದ ಮೇಷ್ಟ್ರು. ಇಂಥವರೊಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. ನಮ್ಮೂರಲ್ಲಿ ಇಲ್ಲವಲ್ಲ ಎನ್ನುವವರು ಒಮ್ಮೆ ಕನ್ನಡಿ ನೋಡಿಕೊಳ್ಳುವುದು ಒಳ್ಳೆಯದು.

ಸರ್ಕಾರ ಮೇಷ್ಟ್ರನ್ನು ಐದೂರು ತಿರುಗಿಸಿತು: ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಕೊನೆಗೆ ಕೊಟ್ಟೂರು. ಪ್ರತಿ ಸಲವೂ ಟ್ರ್ಯಾಕ್ಟರಿಗೆ ಮೊದಲು ಕುಂಡ, ಉಳಿದ ಜಾಗದಲ್ಲಿ ಸಂಸಾರ. ಟ್ರಂಕು ಹಿಂದೆ ಉಳಿದದ್ದುಂಟು, ಕರಿಬೇವು ಉಳಿದದ್ದಿಲ್ಲ. ಹಾಗಾಗಿ ಈಗ ಅವರ ಮಾಳಿಗೆಯ ಮೇಲೆ ಊರಿಗೊಂದು ಸಾಲು. ಕೂಡ್ಲಿಗಿ ಸಾಲಿನಲ್ಲಿ ಲೋಳೆಸರ, ದೊಡ್ಡಪತ್ರೆ. ನೀರು ಕೇಳುವ ರೂಢಿಯೇ ಇಲ್ಲದ ಬಡಪಾಯಿಗಳು. ಹಗರಿಬೊಮ್ಮನಹಳ್ಳಿ ಸಾಲಿಗೆ ನೀಲಿ ಡ್ರಮ್ಮಿನಲ್ಲೊಂದು ದಾಳಿಂಬೆ, ವರ್ಷಕ್ಕೆರಡು ಹಣ್ಣು, ಒಂದು ಅಳಿಲಿಗೆ. ಹರಪನಹಳ್ಳಿಯದು ನಿಂಬೆ. ಇದರ ತಾಯಿಗಿಡ ಅವರಿದ್ದ ಬಾಡಿಗೆ ಮನೆಯ ಹಿತ್ತಲಲ್ಲಿ ಇನ್ನೂ ಇದೆ. ನಿಂತ ಜಾಗ ಬಿಟ್ಟು ಗೇಣು ಸರಿಯದಿದ್ದರೂ ಅದು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. "ಟಿಎ, ಡಿಎ ಇಲ್ದಂಗ ಮೂರು ವರ್ಗಾವಣಿ ಕಂಡ ಗಿಡ ಸರ ಅದು" ಎಂದು ಮೇಷ್ಟ್ರು ಹೇಳುವಾಗ ಅವರ ದನಿಯಲ್ಲಿ ಸಹೋದ್ಯೋಗಿಯ ಮರುಕವಿರುತ್ತದೆ.

ಅವರ ಮನೆಗೆ ಚಹಾಕ್ಕೆಂದು ಹೋದರೆ ಚಹಾ ಕೆಳಗೆ ಆರುತ್ತದೆ, ನೀವು ಮಾಳಿಗೆಯ ಮೇಲೆ ಕಾಯುತ್ತೀರಿ. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆಯ ಆರ್‌ಸಿಸಿ ಮಾಳಿಗೆಯ ಮೇಲೆ ಬರಿಗಾಲಿಡುವುದು ಅಗ್ನಿಕುಂಡ ಹಾಯ್ದಂತೆ. ಆದರೆ ಅವರ ಸಸಿಗಳು ಮಾತ್ರ ನೆರಳಲ್ಲಿರುತ್ತವೆ. ಅಂಗಡಿಯ ಹಸಿರು ಬಲೆ ಒಂದು ಗಾಳಿಗೆ ಹರಿದುಹೋದ ಮೇಲೆ ಹಳೇ ಸೀರೆ ಕಟ್ಟುವ ಪದ್ಧತಿ ಬಂತು. ಅದರಲ್ಲೊಮ್ಮೆ ಒಣಹಾಕಿದ್ದ ಇಳಕಲ್ ಸೀರೆಯೂ ಟೊಮೆಟೊ ಮೇಲೇರಿ, ಮನೆಯಲ್ಲಿ ಎರಡು ದಿನ ಮಾತುಕತೆ ನಿಂತಿತ್ತು.

ನೀರಿನ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ನಳ ವಾರಕ್ಕೊಮ್ಮೆ ಬರುವ ಓಣಿಯಲ್ಲಿ ಮಾಳಿಗೆ ತೋಟ ಮಾಡುವುದೆಂದರೆ ಪಿಂಚಣಿಯಲ್ಲಿ ಆನೆ ಸಾಕಿದಂತೆ. ಅಕ್ಕಿ ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು ಎಲ್ಲ ಮೇಲೆ ಹೋಗುತ್ತದೆ. ಕುಡಿಯುವ ನೀರಿನ ಫಿಲ್ಟರ್ ಹೊರಬಿಡುವ ನೀರನ್ನು ಮಾತ್ರ ಅವರು ಮುಟ್ಟುವುದಿಲ್ಲ. ಒಂದು ಬೇಸಿಗೆ ಅದನ್ನೇ ಹಾಕಿ, ಉಪ್ಪಿಗೆ ಎಲೆಯಂಚೆಲ್ಲ ಸುಟ್ಟುಕೊಂಡ ಗುಲಾಬಿ ಅವರ ಕಣ್ಣಲ್ಲಿ ನೀರು ತರಿಸಿತ್ತು. ಆ ನೀರೂ ಉಪ್ಪೇ. ದೊಡ್ಡ ಡ್ರಮ್ಮುಗಳಲ್ಲಿ ಬೇರಿನ ಪಕ್ಕ ಸಣ್ಣ ಮಣ್ಣಿನ ಗಡಿಗೆ ಹೂತಿದ್ದಾರೆ. ತಳದಲ್ಲೊಂದು ತೂತು, ತೂತಿಗೆ ಬಟ್ಟೆಯ ಬತ್ತಿ. ಒಮ್ಮೆ ತುಂಬಿಸಿದರೆ ಎರಡು ದಿನ ಜಿನುಗುತ್ತದೆ. ಮೇಲೆ ನಾಲ್ಕು ಬೆರಳು ಶೇಂಗಾ ಹೊಟ್ಟು ಹೊದಿಸಿದರೆ ಕಡುಬಿಸಿಲಿನಲ್ಲೂ ಮಣ್ಣು ತಣ್ಣಗೆ. ನಾನು ಕೈಹಾಕಿ ನೋಡಿದ್ದೇನೆ, ನಿಜ. ನೋಡದೆ ಕೆಳಗಿಳಿಯಲು ಅವರು ಬಿಡುವುದಿಲ್ಲ.

ಜೀವಾಮೃತದ ಕಥೆ ಬೇರೆ. ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 10 ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳದ ಹಿಟ್ಟು ಎಂಬ ಲೆಕ್ಕವನ್ನು ವಿಜ್ಞಾನದ ಮೇಷ್ಟ್ರು ಹತ್ತರಿಂದ ಭಾಗಿಸಿ 20 ಲೀಟರಿನ ಬಕೆಟ್ಟಿಗೆ ಇಳಿಸಿದರು. ಹಿಟ್ಟು 200 ಗ್ರಾಂ ಬೇಕಾಯಿತು. ಅಡುಗೆಮನೆಯಲ್ಲಿ ಆ ಹೊತ್ತಿಗೆ ಕಡಲೆಹಿಟ್ಟು ಇತ್ತು, ಮಿರ್ಚಿಗೆಂದು. ನಮ್ಮೂರಲ್ಲಿ ನೆಂಟರು ಬಂದಾಗ ಮಂಡಕ್ಕಿ ಒಗ್ಗರಣೆ ಇಟ್ಟು ಮಿರ್ಚಿ ಇಡದಿದ್ದರೆ ಮನೆತನದ ಮರ್ಯಾದೆಯ ಪ್ರಶ್ನೆ. ಅವತ್ತು ಬೀಗರು ಬರೀ ಮಂಡಕ್ಕಿ ತಿಂದು ಹೋದರು. "ಸಗಣಿ ಬಕೀಟಿಗೆ ಮಿರ್ಚಿ ಹಿಟ್ಟು ಕಲಸಿದವರನ್ನ ಎಲ್ಲೆರ ಕಂಡೀರೇನವ್ವಾ?" ಎಂದು ಮೇಷ್ಟ್ರ ಹೆಂಡತಿ ಅಕ್ಕಾರು ಇವತ್ತಿಗೂ ಓಣಿಯ ಹೆಂಗಸರನ್ನು ಕೇಳುತ್ತಾರೆ.

ಇಷ್ಟೆಲ್ಲ ಉಂಡದ್ದು ಹಡಗಲಿ ಸಾಲಿನ ಮಲ್ಲಿಗೆ. ಜಿಐ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ! ಅದರ ಮುಂದೆ ನಿಂತರೆ ಮೇಷ್ಟ್ರು ತುಂಗಭದ್ರೆಯ ಮೇಲೆ ಹೂವಿನ ಹಡಗು ಹಂಪಿಗೆ ಹೋಗುತ್ತಿತ್ತಂತೆ, ಅದಕ್ಕೇ ಊರಿಗೆ ಆ ಹೆಸರು ಎಂಬಲ್ಲಿಂದ ಶುರುಮಾಡುತ್ತಾರೆ. ಹಡಗು ಹಂಪಿ ಮುಟ್ಟುವಷ್ಟರಲ್ಲಿ ಕೇಳುವವರ ನೆತ್ತಿ ಕಾದಿರುತ್ತದೆ. ಕಷ್ಟವೆಂದರೆ ತೋರಿಸಲು ಹೂವಿರಲಿಲ್ಲ. ಮೂರು ವರ್ಷ ಬರೀ ಎಲೆ. ಆಡು ಕಂಡರೆ ಹರಕೆ ಹೊರುವಂಥ ಎಲೆ. ಕೊನೆಗೆ ಒಂದು ಚಳಿಗಾಲದಲ್ಲಿ, ಹಡಗಲಿ ಕಡೆಯಿಂದ ಹೂ ಮಾರಲು ಬಂದ ಮುದುಕಿಯೊಬ್ಬಳನ್ನು ಅಕ್ಕಾರು ಮಾಳಿಗೆಗೆ ಹತ್ತಿಸಿದರು. ಆಕೆ ಗಿಡವನ್ನು ಸುತ್ತು ಹಾಕಿ ನೋಡಿ, ಬುಟ್ಟಿ ಕೆಳಗಿಟ್ಟಳು.

"ಏನ್ ಸರ, ಮನೆಅಳಿಯನ್ನ ಸಾಕಿದಂಗ ಸಾಕೀರಿ! ಉಂಡು ಮಲಗೈತಿ. ಅದ್ಯಾಕ ಹೂ ಬಿಡ್ತೈತಿ? ನೀರು ನಿಲ್ಲಸ್ರಿ. ಎಲಿ ಉದುರ್ಲಿ. ಮೊಣಕಾಲುದ್ದ ಬಿಟ್ಟು ಕತ್ತರಸ್ರಿ."

ಮೇಷ್ಟ್ರು ನೀರು ನಿಲ್ಲಿಸಿದರು. ಕತ್ತರಿಸಲು ಕೈ ಬರಲಿಲ್ಲ. ಕುಡುಗೋಲು ಹಿಡಿದು ಅರ್ಧ ತಾಸು ನಿಂತು ಕೆಳಗಿಳಿದರು. ಅಕ್ಕಾರು ಮೇಲೆ ಹೋದರು, ಎರಡು ನಿಮಿಷದಲ್ಲಿ ಬಂದರು. ಇಳಕಲ್ ಸೀರೆ, ಕಡಲೆಹಿಟ್ಟು ಎರಡರ ಲೆಕ್ಕವೂ ಆ ಎರಡು ನಿಮಿಷದಲ್ಲಿ ಚುಕ್ತಾ ಆಯಿತೆಂದು ನನ್ನ ಅಂದಾಜು. ಬೇಸಿಗೆಗೆ ಗಿಡ ಚಿಗುರಿ 37 ಮೊಗ್ಗು ಬಿಟ್ಟಿತು. ಎಣಿಸಿದವರು ಮೇಷ್ಟ್ರು, ಮುಡಿದವರು ಅಕ್ಕಾರು. ಈಗ ಮಲ್ಲಿಗೆಯನ್ನು ಉಪವಾಸ ಕೆಡವುವ ಶಾಸ್ತ್ರವನ್ನು ಮೇಷ್ಟ್ರು ಓಣಿಗೆಲ್ಲ ಬೋಧಿಸುತ್ತಾರೆ. ಮುದುಕಿಯ ಹೆಸರು ಆ ಪಾಠದಲ್ಲಿ ಬರುವುದಿಲ್ಲ.

ಮದುವೆ, ತಿಥಿ, ಜಾತ್ರೆ, ಎಲ್ಲಿ ಹೋದರೂ ಅವರ ಕಣ್ಣು ಕಾಂಪೌಂಡಿನ ಮೇಲೆ. ಕದ್ದು ತಂದ ಟೊಂಗೆ ಬೇಗ ಬೇರು ಬಿಡುತ್ತದೆ ಎಂಬುದು ವಿಜ್ಞಾನದ ಮೇಷ್ಟ್ರು ನಂಬುವ ಏಕಮಾತ್ರ ಮೂಢನಂಬಿಕೆ. ಕೊಟ್ಟೂರೇಶ್ವರನ ತೇರಾದ ಮರುದಿನ ಭಕ್ತರು ಊರ ದಾರಿ ಹಿಡಿದರೆ ಇವರು ಚೀಲ ಹಿಡಿದು ತೇರಿನ ಬೀದಿಗೆ ಹೊರಡುತ್ತಾರೆ: ಬಾಳೆಸಿಪ್ಪೆ, ಹೂವು, ತೆಂಗಿನ ನಾರು. ಒಮ್ಮೆ ಗುಡೇಕೋಟೆ ಕಡೆಯ ನೆಂಟರೊಬ್ಬರು ರಾತ್ರಿ ಕರಡಿ ಬಂದು ಅರ್ಧ ಎಕರೆ ಶೇಂಗಾ ಬಗೆದು ಹೋಯಿತೆಂದು ಕಣ್ಣೀರಿಟ್ಟರು. ಮೇಷ್ಟ್ರು ಅವರ ಕೈ ಹಿಡಿದು, "ನಿಮ್ಮ ಸಂಕಟ ನನಗ ಗೊತ್ತಾಗ್ತೈತಿ. ನಮ್ಮ ದಾಳಿಂಬಿಗೆ ಅಳಿಲು ಬಿದ್ದೈತಿ" ಎಂದರು.

ಇದೆಲ್ಲ ತಡೆಯಬಹುದು. ತಡೆಯಲಾಗದ್ದು ತಪಾಸಣೆ. ಕೊಟ್ಟ ಸಸಿ ಹೇಗಿದೆ ಎಂದು ನೋಡಲು ತಿಂಗಳ ಮೊದಲ ಭಾನುವಾರ ಅವರು ಮನೆಮನೆ ಹತ್ತುತ್ತಾರೆ. ಹೋದ ವರ್ಷ ಓಣಿಯ ಐದು ಮನೆಗೆ ಐದು ದಾಸವಾಳ ಕೊಟ್ಟಿದ್ದರು. ಬೇಸಿಗೆ ಮುಗಿಯುವಷ್ಟರಲ್ಲಿ ನಾಲ್ಕು ಸತ್ತವು. ಬದುಕಿದ್ದು ಮೂಲೆಮನೆಯದೊಂದೇ. ಭಾನುವಾರ ಬೆಳಿಗ್ಗೆ ಮೇಷ್ಟ್ರು ಮೂಲೆಮನೆಯ ಮೆಟ್ಟಿಲಿಳಿಯುತ್ತಿದ್ದಂತೆ ಆ ಕುಂಡ ಮಾಳಿಗೆಯಿಂದ ಮಾಳಿಗೆಗೆ, ಮೋಟುಗೋಡೆ ದಾಟಿ, ಅವರಿಗಿಂತ ಒಂದು ಮನೆ ಮುಂದೆ ಸಾಗುತ್ತಿತ್ತು. ಆರು ತಿಂಗಳು ಹೀಗೇ ನಡೆಯಿತು. ಎಲ್ಲರ ಮನೆಯಲ್ಲೂ ಮೇಷ್ಟ್ರು ಎಲೆ ಮಗುಚಿ ನೋಡಿ, ಹಿಟ್ಟುತಿಗಣೆಗೆ ಬೇವಿನೆಣ್ಣೆ ಹೇಳಿ, ತಲೆಯಾಡಿಸಿ ಹೋಗುತ್ತಿದ್ದರು.

ಹೋದ ಭಾನುವಾರ ನಮ್ಮದು ಕೊನೆಯ ಮನೆ. ಕುಂಡ ಆಗಷ್ಟೇ ಗೋಡೆ ಹಾರಿ ಬಂದಿತ್ತು, ನನ್ನ ಕೈಗೆ ಮಣ್ಣು ಮೆತ್ತಿತ್ತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಗಿಡವನ್ನು ನೋಡಿದರು, ನನ್ನ ಕೈ ನೋಡಿದರು. ಬಗ್ಗಿ ಮಣ್ಣು ಒತ್ತಿದರು.

"ಬೆಳಿಗ್ಗಿಂದ ಇದಕ್ಕ ನಾಕು ವರ್ಗಾವಣಿ ಆಗ್ಯಾವ" ಎಂದರು. "ಎರಡು ದಿನ ನೆಳ್ಳಾಗಿಡ್ರಿ."