ಈ ವರ್ಷ ನಮ್ಮವನೇ: ಹೆನ್ಮನ್ ದಿಬ್ಬದೊಡನೆ ಒಂದು ಕಾಲ್ಪನಿಕ ಸಂದರ್ಶನ

ಲಂಡನ್ನಿನ ನೈಋತ್ಯ ಭಾಗದಲ್ಲಿರುವ, ವಿಂಬಲ್ಡನ್ ಟೆನಿಸ್ ಟೂರ್ನಿ ನಡೆಯುವ ಆಲ್ ಇಂಗ್ಲೆಂಡ್ ಲಾನ್ ಟೆನಿಸ್ ಕ್ಲಬ್ಬಿನ ಆವರಣದಲ್ಲಿ, ಒಂದನೇ ನಂಬರಿನ ಅಂಕಣದ ಪಕ್ಕಕ್ಕೆ ಹುಲ್ಲು ಹೊದ್ದ ಇಳಿಜಾರೊಂದಿದೆ. ಕ್ಲಬ್ಬಿನ ಕಡತಗಳಲ್ಲಿ ಅದಕ್ಕೆ ಅಓರಂಗಿ ಟೆರೇಸ್ ಎಂಬ ಹೆಸರಿದ್ದರೂ ಜನರ ಬಾಯಲ್ಲಿ ಅದು ಹೆನ್ಮನ್ ಹಿಲ್, ಅಂದರೆ ಟಿಮ್ ಹೆನ್ಮನ್ ಎಂಬ ಇಂಗ್ಲಿಷ್ ಆಟಗಾರನ ಹೆಸರಿನ ದಿಬ್ಬ. 1997ರಲ್ಲಿ ಈ ಅಂಕಣವು ಹೊಸದಾಗಿ ನಿರ್ಮಾಣಗೊಂಡು ಅದರ ಹೊರಗೋಡೆಗೆ ದೊಡ್ಡ ಪರದೆ ಬಂದ ಮೇಲೆ, ಮುಖ್ಯ ಅಂಕಣವಾದ ಸೆಂಟರ್ ಕೋರ್ಟಿನ ಟಿಕೆಟ್ ಸಿಗದವರು, ಆವರಣ ಪ್ರವೇಶಕ್ಕೆ ಮಾತ್ರ ಅನುವು ಮಾಡಿಕೊಡುವ ಗ್ರೌಂಡ್ ಪಾಸ್ ಎಂಬ ಚೀಟಿಯನ್ನು ಹಿಡಿದು ಇಲ್ಲಿಗೆ ಬಂದು ಕುಳಿತು, ನೂರಾರು ಅಡಿಗಳಾಚೆ ನಡೆಯುತ್ತಿರುವ ಆಟವನ್ನು ಪರದೆಯಲ್ಲಿ ನೋಡುವ ಪದ್ಧತಿ ಬೆಳೆಯಿತು.

ರಾಷ್ಟ್ರೀಯ ಆಟಗಾರನ ಗೆಲುವಿನ ಸಾಧ್ಯಾಸಾಧ್ಯತೆಗಳ ಬಗ್ಗೆ ಅಭಿಮಾನಿಗಳು ನಡೆಸುವ ಚರ್ಚೆಯನ್ನು ಇಷ್ಟು ದೀರ್ಘಕಾಲ, ಇಷ್ಟು ಹತ್ತಿರದಿಂದ, ಎದ್ದು ಹೋಗುವ ಅವಕಾಶವೂ ಇಲ್ಲದೆ ಕೇಳಿಸಿಕೊಂಡ ಸಾಕ್ಷಿ ಬೇರೊಂದಿಲ್ಲವಾದ್ದರಿಂದ ಈ ಸಂದರ್ಶನವನ್ನು ಕಲ್ಪಿಸಲಾಗಿದೆ. ದಿಬ್ಬವು ತನ್ನ ಬಗ್ಗೆ ಅನ್ಯಪುರುಷದಲ್ಲಿಯೇ ಮಾತನಾಡುತ್ತದೆ. ಹಳೆಯ ಕ್ಲಬ್ಬಿನ ಶಿಷ್ಟಾಚಾರವಿರಬೇಕೆಂದು ಅದನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ಪ್ರತಿ ವರ್ಷ ತಮ್ಮ ಮೈಮೇಲೆ ಕುಳಿತು ಜನರು ನಡೆಸುವ ವಾದಕ್ಕೆ ಯಾವುದಾದರೂ ನಿಯತವಾದ ಕ್ರಮವಿದೆಯೇ?

ದಿಬ್ಬ: ಇದೆ. ಮೊದಲ ಸುತ್ತಿನಲ್ಲಿ ಯಾರಿಗೆ ಯಾರು ಎದುರಾಳಿ ಎಂಬುದನ್ನು ಚೀಟಿ ಎತ್ತಿ ಗೊತ್ತುಪಡಿಸುವ ಡ್ರಾ ಎಂಬ ಪಟ್ಟಿ ಪ್ರಕಟವಾದೊಡನೆ, ಅಭಿಮಾನಿಯು ಅದನ್ನು ಮೇಲಿನಿಂದ ಕೆಳಕ್ಕೆ ಓದದೆ ಫೈನಲ್‌ನಿಂದ ಹಿಂದಕ್ಕೆ ಓದತೊಡಗುತ್ತಾನೆ. ಅಂತಿಮ ಪಂದ್ಯದ ಎದುರಾಳಿ ಯಾರಾದರೆ ಅನುಕೂಲ ಎಂಬುದು ಇತ್ಯರ್ಥವಾಗುವಷ್ಟರಲ್ಲಿ, ಮೊದಲ ಸುತ್ತಿನಲ್ಲಿಯೂ ಒಬ್ಬ ಎದುರಾಳಿ ಇದ್ದಾನೆ ಎಂಬ ಸಂಗತಿ ಮರೆತುಹೋಗಿರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವವರನ್ನು ಕನ್ನಡಿಗರು ಗೇಲಿ ಮಾಡುತ್ತಾರಂತೆ. ಇಲ್ಲಿ ಕುಲಾವಿ ಹೊಲಿಯುವುದಷ್ಟೇ ಅಲ್ಲ, ಅದರ ಬಣ್ಣದ ಬಗ್ಗೆ ಪತ್ರಿಕೆಗಳಲ್ಲಿ ಸಂಪಾದಕೀಯಗಳೂ ಬರುತ್ತವೆ. ಸಿಂಗಲ್ಸ್ ವಿಭಾಗದಲ್ಲಿ 128 ಆಟಗಾರರಿರುವುದರಿಂದ ಪ್ರಶಸ್ತಿಗೆ ಸತತವಾಗಿ ಏಳು ಪಂದ್ಯಗಳನ್ನು ಗೆಲ್ಲಬೇಕು. ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 80ರಷ್ಟು ಇರುವ ಆಟಗಾರನಿಗೂ ಏಳನ್ನೂ ಗೆಲ್ಲುವ ಸಾಧ್ಯತೆ ಸುಮಾರು 21 ಮಾತ್ರ. ಅದನ್ನು 90ಕ್ಕೆ ಏರಿಸಿದರೂ ಗುಣಾಕಾರದ ಕೊನೆಗೆ ಉಳಿಯುವುದು 48. ಈ ಲೆಕ್ಕಕ್ಕೆ ಪ್ರೌಢಶಾಲೆಯ ಗಣಿತ ಸಾಕಾದರೂ, ಇಂದಿನವರೆಗೂ ದಿಬ್ಬದ ಮೇಲೆ ಅದನ್ನು ಯಾರೂ ಮಾಡಿಲ್ಲ. ಮಾಡಿದವನ ಪಕ್ಕದಲ್ಲಿ ಯಾರೂ ಕೂರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದೆ.

ಪ್ರಶ್ನೆ: ಆದರೆ ಹೆನ್ಮನ್ ಅವರ ಬಗ್ಗೆ ಇದ್ದ ಭರವಸೆ ತೀರ ನಿರಾಧಾರವಾಗಿತ್ತೆನ್ನಲಾಗದಲ್ಲವೇ?

ದಿಬ್ಬ: ನಿರಾಧಾರವಾಗಿರಲಿಲ್ಲ, ಅದೇ ತೊಡಕಾಯಿತು. 1996ರಿಂದ 2004ರವರೆಗಿನ ಒಂಬತ್ತು ವರ್ಷಗಳಲ್ಲಿ ಅವರು ಎಂಟು ಬಾರಿ ಕ್ವಾರ್ಟರ್ ಫೈನಲ್ ತಲುಪಿದರು. 1998, 1999, 2001 ಮತ್ತು 2002ರಲ್ಲಿ ಸೆಮಿಫೈನಲ್‌ವರೆಗೂ ಹೋದರು. ಒಮ್ಮೆ ವಿಶ್ವದ ನಾಲ್ಕನೆಯ ಸ್ಥಾನಕ್ಕೂ ಏರಿದರು. ಸೆಮಿಫೈನಲ್‌ನಲ್ಲಿ ಅವರನ್ನು ಎರಡು ಸಲ ಪೀಟ್ ಸಾಂಪ್ರಾಸ್, ಒಮ್ಮೆ ಗೊರಾನ್ ಇವಾನಿಸೆವಿಚ್, ಒಮ್ಮೆ ಲೇಟನ್ ಹೆವಿಟ್ ಸೋಲಿಸಿದರು, ಮತ್ತು ನಾಲ್ಕೂ ಸಲ ಸೋಲಿಸಿದವರೇ ಆ ವರ್ಷದ ಚಾಂಪಿಯನ್ ಆದರು. ಇದರಿಂದ ಸಾಮಾನ್ಯ ವಿವೇಕಕ್ಕೆ ಹೊಳೆಯುವುದು, ಅವರಿಗಿಂತ ಉತ್ತಮರು ಆ ಕಾಲದಲ್ಲಿ ಇದ್ದರು ಎಂದು. ದಿಬ್ಬದ ಮೇಲೆ ಹೊಳೆದದ್ದು ಬೇರೆ: ಚಾಂಪಿಯನ್ ಒಬ್ಬನಿಗೆ ಮಾತ್ರ ಸೋಲುವವನು ವಾಸ್ತವದಲ್ಲಿ ಎರಡನೆಯ ಸ್ಥಾನದವನು, ಎರಡನೆಯ ಸ್ಥಾನದವನು ಮುಂದಿನ ವರ್ಷ ಮೊದಲನೆಯವನಾಗಲೇಬೇಕು, ಆದ್ದರಿಂದ ಮುಂದಿನ ವರ್ಷ ನಮ್ಮವನೇ. ತರ್ಕಶಾಸ್ತ್ರದ ಪುಸ್ತಕಗಳಲ್ಲಿ ಈ ಬಗೆಯ ಅನುಮಾನಕ್ಕೆ ಇನ್ನೂ ಹೆಸರಿಟ್ಟಿಲ್ಲ.

ಪ್ರಶ್ನೆ: 2001ರ ಸೋಲಿಗೆ ಮಳೆಯೇ ಕಾರಣವೆಂಬ ವಾದವು ಇಂದಿಗೂ ಬದುಕಿದೆ.

ದಿಬ್ಬ: ಆ ವಾದದಲ್ಲಿ ಹುರುಳಿದೆ. ವೈಲ್ಡ್ ಕಾರ್ಡ್ ಮೂಲಕ, ಎಂದರೆ ರ‍್ಯಾಂಕಿಂಗ್ ಬಲದಿಂದಲ್ಲದೆ ಸಂಘಟಕರ ವಿಶೇಷ ಆಹ್ವಾನದ ಬಲದಿಂದ, ಪ್ರವೇಶ ಪಡೆದಿದ್ದ ಇವಾನಿಸೆವಿಚ್ ಆಗ 125ನೆಯ ರ‍್ಯಾಂಕಿನವರು. ಶುಕ್ರವಾರ ಮೊದಲ ಸೆಟ್ ಕಳೆದುಕೊಂಡ ಹೆನ್ಮನ್, ಎರಡನೆಯದನ್ನು ಟೈಬ್ರೇಕ್‌ನಲ್ಲಿ, ಮೂರನೆಯದನ್ನು 6-0ರಿಂದ ಗೆದ್ದು ನಾಲ್ಕನೆಯದರಲ್ಲಿ ಮುಂದಿದ್ದಾಗ ಮಳೆ ಬಂತು. ಪಂದ್ಯವು ಶನಿವಾರಕ್ಕೂ ಭಾನುವಾರಕ್ಕೂ ಹರಿದು, ಕೊನೆಗೆ ಐದನೆಯ ಸೆಟ್ 6-3ರಿಂದ ಇವಾನಿಸೆವಿಚ್ ಪಾಲಾಯಿತು. ಲಂಡನ್ನಿನಲ್ಲಿ ಮಳೆ ಬರುವುದುಂಟು ಎಂಬ ವಿಷಯವು 1877ರಲ್ಲಿ ಆರಂಭವಾದ ಈ ಟೂರ್ನಿಯ ಸಂಘಟಕರಿಗೆ ತಿಳಿದಿರಲಿಲ್ಲವೆನ್ನುವಂತಿಲ್ಲ. ಹಾಗಿದ್ದರೂ ಸೆಂಟರ್ ಕೋರ್ಟಿಗೆ ಮುಚ್ಚಿ ತೆರೆಯಬಲ್ಲ ಚಾವಣಿ ಬಂದದ್ದು 2009ರಲ್ಲಿ, ಹೆನ್ಮನ್ ನಿವೃತ್ತರಾದ ಎರಡು ವರ್ಷಗಳ ಬಳಿಕ. ಚಾವಣಿಯಿಲ್ಲದ ದಿಬ್ಬದ ಮೇಲೆ ಮಾತ್ರ ಜನರು ಮಳೆಯಲ್ಲಿ ನೆನೆಯುತ್ತಲೇ, ಮಳೆ ನಿಂತರೆ ನಮ್ಮವನೇ ಎನ್ನುತ್ತಾ ಕುಳಿತಿದ್ದರು.

ಪ್ರಶ್ನೆ: ಹುಲ್ಲಿನ ಬಗ್ಗೆ ತಮಗೆ ವಿಶೇಷ ಪರಿಜ್ಞಾನವಿರಬೇಕು. ಅಂಕಣದ ಹುಲ್ಲಿಗೂ ಆಟಗಾರನ ಅದೃಷ್ಟಕ್ಕೂ ಸಂಬಂಧವಿದೆಯೇ?

ದಿಬ್ಬ: ಬಹಳವಿದೆ. ಮೊದಲು ಈ ಅಂಕಣಗಳಲ್ಲಿ ರೈ ಹುಲ್ಲಿನೊಡನೆ ಫೆಸ್ಕ್ಯೂ ಎಂಬ ತೆಳುವಾದ ಹುಲ್ಲು ಬೆರೆತಿರುತ್ತಿತ್ತು. 2001ರಿಂದ ಅಂಕಣಗಳನ್ನು ಸಂಪೂರ್ಣವಾಗಿ ರೈ ಹುಲ್ಲಿಗೆ ಬದಲಾಯಿಸಿದರು. ಇದರಿಂದ ನೆಲ ಗಟ್ಟಿಯಾಗಿ ಉಳಿದು ಚೆಂಡು ಹೆಚ್ಚು ಎತ್ತರಕ್ಕೆ ಪುಟಿಯಲು ಅನುಕೂಲವಾಯಿತೆಂದು ಆಟ ಬಲ್ಲವರು ಹೇಳುತ್ತಾರೆ. ಹೆನ್ಮನ್ ನೆಚ್ಚಿಕೊಂಡಿದ್ದದ್ದು ಸರ್ವ್ ಅಂಡ್ ವಾಲಿ ಶೈಲಿ, ಅಂದರೆ ಸರ್ವ್ ಮಾಡಿದೊಡನೆ ನೆಟ್ಟಿನತ್ತ ಧಾವಿಸಿ, ಮರಳಿ ಬಂದ ಚೆಂಡನ್ನು ನೆಲಕ್ಕೆ ಬೀಳಗೊಡದೆ ಹೊಡೆದುಹಾಕುವ ಕ್ರಮ. ಚೆಂಡು ತಗ್ಗಾಗಿ ಜಾರಿ ಹೋಗುವ ನೆಲದಲ್ಲಿ ಅದಕ್ಕೆ ಬಲ ಹೆಚ್ಚು. 2002ರ ಫೈನಲ್‌ನಲ್ಲಿ ಹೆವಿಟ್ ಮತ್ತು ನಲ್ಬಾಂಡಿಯನ್ ಇಬ್ಬರೂ ಹಿಂದಿನ ಗೆರೆಯ ಬಳಿಯೇ ನಿಂತು ಆಡುವವರಾಗಿದ್ದರು. ತನ್ನ ಮನೆಯ ಆಟಗಾರನು ಪ್ರಶಸ್ತಿಗೆ ಅತ್ಯಂತ ಹತ್ತಿರವಿದ್ದ ವರ್ಷಗಳಲ್ಲಿಯೇ ಮನೆಯ ನೆಲವನ್ನು ಆತನಿಗೆ ಒಗ್ಗದಂತೆ ಮಾಡಿಕೊಂಡ ಉದಾರ ಸಂಸ್ಥೆ ಬೇರೆಲ್ಲಿಯೂ ಸಿಗಲಾರದು. ಅಭಿಮಾನಿಗಳು ಆಗ ಚರ್ಚಿಸುತ್ತಿದ್ದುದು ಹೆನ್ಮನ್ ಅವರ ಮುಷ್ಟಿಯ ಬಿಗಿ ಸಾಲದು ಎಂಬುದನ್ನು. ತಾವು ಕುಳಿತಿರುವುದೇ ಹುಲ್ಲಿನ ಮೇಲೆ ಎಂಬುದರ ಕಡೆಗೆ ಅವರ ಗಮನ ಹೋಗಲಿಲ್ಲ.

ಪ್ರಶ್ನೆ: ಆ್ಯಂಡಿ ಮರ್ರೆ ಬಂದ ಮೇಲೆ ಚರ್ಚೆಯ ಸ್ವರೂಪ ಬದಲಾಯಿತೇ?

ದಿಬ್ಬ: ಭೂಗೋಳ ಸೇರಿಕೊಂಡಿತು. ಮರ್ರೆ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನವರು. ಹದಿನೈದರ ವಯಸ್ಸಿನಲ್ಲಿ ಸ್ಪೇನ್‌ನ ಬಾರ್ಸಿಲೋನಾಕ್ಕೆ ಹೋಗಿ ತರಬೇತಿ ಪಡೆದವರು. ಗೆದ್ದ ದಿನ ಅವರು ಬ್ರಿಟಿಷರು, ಸೋತ ದಿನ ಸ್ಕಾಟಿಷರು ಎಂಬ ಚಾಟೋಕ್ತಿಯು ಬ್ರಿಟನ್ನಿನಲ್ಲಿಯೇ ಹುಟ್ಟಿ ಹಳತಾಗಿದೆ. ಗೆದ್ದೆತ್ತಿನ ಬಾಲ ಹಿಡಿಯುವುದು ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ಸೋತ ಎತ್ತಿಗೆ ಬೇರೆ ಊರಿನ ವಿಳಾಸವನ್ನೇ ಬರೆದು ಕಳುಹಿಸುವುದು ಇಲ್ಲಿಯ ವಿಶೇಷ. ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಗ್ರೆಗ್ ರುಸೆಡ್‌ಸ್ಕಿ, ಸಿಡ್ನಿಯಲ್ಲಿ ಹುಟ್ಟಿದ ಜೋಹಾನಾ ಕೊಂಟಾ, ಟೊರಾಂಟೊದಲ್ಲಿ ಹುಟ್ಟಿದ ಎಮ್ಮಾ ರಾಡುಕಾನು, ಜೊಹಾನೆಸ್‌ಬರ್ಗ್‌ನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದ ಕ್ಯಾಮರೂನ್ ನೋರಿ, ಬ್ರಿಟನ್ನಿನ ಪರ ಆಡಿದ ಇವರೆಲ್ಲರ ವಿಷಯದಲ್ಲಿಯೂ ರಾಷ್ಟ್ರೀಯತೆ ಗಟ್ಟಿಯಾಗುವುದು ಟೂರ್ನಿಯ ಎರಡನೆಯ ವಾರ ಪ್ರವೇಶಿಸಿದ ಮೇಲೆಯೇ. ಈ ವಿಷಯದಲ್ಲಿ ತೀರ್ಪು ಕೊಡುವ ನೈತಿಕ ಹಕ್ಕು ದಿಬ್ಬಕ್ಕಿಲ್ಲ. ಒಂದು ಕಾಲಕ್ಕೆ ಈ ಜಾಗವು ಲಂಡನ್ನಿನಲ್ಲಿದ್ದ ನ್ಯೂಜಿಲೆಂಡಿಗರ ಕ್ಲಬ್ಬಿನ ವಶದಲ್ಲಿದ್ದುದರಿಂದ, ಅದರ ಅಧಿಕೃತ ಹೆಸರೂ ಆ ದೇಶದ ಅತ್ಯುನ್ನತ ಶಿಖರದ ಮಾವೋರಿ ಹೆಸರೇ ಆಗಿದೆ.

ಪ್ರಶ್ನೆ: ಎಪ್ಪತ್ತೇಳು ವರ್ಷಗಳ ನಿರೀಕ್ಷೆ ಎಂಬ ಮಾತು 2013ರಲ್ಲಿ ಎಲ್ಲೆಡೆ ಕೇಳಿಬಂತು. ಅದು ನಿಜವೇ?

ದಿಬ್ಬ: ಲೆಕ್ಕ ನಿಜ, ಆದರೆ ಅರ್ಧ ನಿಜ. ಫ್ರೆಡ್ ಪೆರ್ರಿ 1934, 1935 ಮತ್ತು 1936ರಲ್ಲಿ ಗೆದ್ದ ಮೇಲೆ ಪುರುಷರ ಸಿಂಗಲ್ಸ್ ಪ್ರಶಸ್ತಿ ಬ್ರಿಟನ್ನಿಗೆ ಮರಳಿದ್ದು, 2013ರ ಜುಲೈ 7ರಂದು ಮರ್ರೆಯವರು ನೊವಾಕ್ ಜೊಕೊವಿಚ್ ಅವರನ್ನು 6-4, 7-5, 6-4ರಿಂದ ಸೋಲಿಸಿದಾಗ. ಕೊನೆಯ ಗೇಮ್‌ನಲ್ಲಿ 40-0 ಮುಂದಿದ್ದ ಮರ್ರೆಯವರ ಮೂರು ಚಾಂಪಿಯನ್‌ಷಿಪ್ ಪಾಯಿಂಟ್‌ಗಳು, ಅಂದರೆ ಗೆದ್ದರೆ ಪ್ರಶಸ್ತಿಯೇ ಕೈಸೇರುವ ಪಾಯಿಂಟ್‌ಗಳು, ಒಂದರ ಹಿಂದೊಂದು ಕೈತಪ್ಪಿ ನಾಲ್ಕನೆಯದು ದಕ್ಕಿತು. ಆ ಕೆಲವು ನಿಮಿಷಗಳಲ್ಲಿ ದಿಬ್ಬದ ಮೇಲೆ, ಎಂದೂ ಇಲ್ಲದಂತೆ, ಯಾರೂ ಯಾವ ವಾದವನ್ನೂ ಮಂಡಿಸಲಿಲ್ಲ. ಆದರೆ ಪೆರ್ರಿಯ ಬಳಿಕ ಬ್ರಿಟನ್ ಸಿಂಗಲ್ಸ್‌ನಲ್ಲಿ ಗೆದ್ದೇ ಇರಲಿಲ್ಲವೆಂಬ ಭಾವನೆ ತಪ್ಪು. 1937ರಲ್ಲಿ ಡೊರೊತಿ ರೌಂಡ್, 1961ರಲ್ಲಿ ಏಂಜೆಲಾ ಮಾರ್ಟಿಮರ್, 1969ರಲ್ಲಿ ಆ್ಯನ್ ಜೋನ್ಸ್, 1977ರಲ್ಲಿ ವರ್ಜೀನಿಯಾ ವೇಡ್ ಇದೇ ಸೆಂಟರ್ ಕೋರ್ಟಿನಲ್ಲಿ ಚಾಂಪಿಯನ್ ಆಗಿದ್ದರು. ಪೆರ್ರಿಯವರ ಕಥೆಯೂ ಹೀಗೆಯೇ ಮರೆವಿಗೆ ಸಂದದ್ದು: 1936ರ ಕೊನೆಗೆ ಅವರು ಹಣಕ್ಕಾಗಿ ಆಡುವ ವೃತ್ತಿಪರ ಆಟಗಾರರಾದೊಡನೆ, ಹವ್ಯಾಸಿಗಳಿಗೆ ಮಾತ್ರ ಪ್ರವೇಶವಿದ್ದ ಅಂದಿನ ನಿಯಮದಂತೆ ವಿಂಬಲ್ಡನ್ನಿನ ಬಾಗಿಲು ಅವರಿಗೆ ಮುಚ್ಚಿತು; ಅವರು ಅಮೆರಿಕದ ಪ್ರಜೆಯಾದರು. ಇದ್ದ ಪೆರ್ರಿಯನ್ನು ಹೊರಗೆ ಕಳುಹಿಸಿ ಮುಂದಿನ ಪೆರ್ರಿಗಾಗಿ ಕಾದು ಕುಳಿತ ದೇಶವು, 1984ರಲ್ಲಿ ಆವರಣದೊಳಗೆ ಅವರ ಪ್ರತಿಮೆಯನ್ನು ನಿಲ್ಲಿಸಿ ಸಾಲ ತೀರಿಸಿತು.

ಪ್ರಶ್ನೆ: ಡಬಲ್ಸ್ ಪಂದ್ಯಗಳ ಬಗ್ಗೆ ಇಷ್ಟೇ ಬಿಸಿಯಾದ ಚರ್ಚೆ ನಡೆಯುವುದಿಲ್ಲವೇ?

ದಿಬ್ಬ: ಹಿತ್ತಲ ಗಿಡ ಮದ್ದಲ್ಲ. 2012ರ ಸಿಂಗಲ್ಸ್ ಫೈನಲ್‌ನಲ್ಲಿ ಮರ್ರೆ ಅವರು ರೋಜರ್ ಫೆಡರರ್ ಅವರಿಗೆ ಸೋತು ಕಣ್ಣೀರಿಟ್ಟಾಗ ದೇಶವೂ ಅತ್ತಿತು. ಅದರ ಹಿಂದಿನ ದಿನವಷ್ಟೇ ಜೊನಾಥನ್ ಮ್ಯಾರೇ ಎಂಬ ಬ್ರಿಟಿಷ್ ಆಟಗಾರ, ಡೆನ್ಮಾರ್ಕಿನ ಜೊತೆಗಾರನೊಂದಿಗೆ, 1936ರ ಬಳಿಕ ಮೊದಲ ಬಾರಿಗೆ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ದೇಶಕ್ಕೆ ತಂದಿದ್ದನ್ನು ನೆನೆದು ಕಣ್ಣೊರೆಸಿಕೊಂಡವರು ವಿರಳ. 2023, 2024 ಮತ್ತು 2025ರ ಮೂರೂ ವರ್ಷ ಪುರುಷರ ಡಬಲ್ಸ್ ಗೆದ್ದ ಜೋಡಿಗಳಲ್ಲಿ ಬ್ರಿಟಿಷರಿದ್ದರು. 2023ರಲ್ಲಿ ಗೆದ್ದ ನೀಲ್ ಸ್ಕುಪ್‌ಸ್ಕಿ ಜೋಡಿಗೆ ಸೆಮಿಫೈನಲ್‌ನಲ್ಲಿ ಎದುರಾದದ್ದು ಕೊಡಗಿನ ರೋಹನ್ ಬೋಪಣ್ಣ ಮತ್ತು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್. ಅಂದು ಸೋತ ಬೋಪಣ್ಣ ಮುಂದಿನ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಅದೇ ಜೊತೆಗಾರನೊಂದಿಗೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಪುರುಷ ಆಟಗಾರರಾದರು. ಗೆಲುವಿನ ಸಾಧ್ಯತೆ ಎಲ್ಲಿ ನಿಜವಾಗಿಯೂ ಹೆಚ್ಚಿತ್ತೋ ಅಲ್ಲಿ ಚರ್ಚೆ ಇರಲಿಲ್ಲ. ಚರ್ಚೆ ಇದ್ದಲ್ಲಿ ಸಾಧ್ಯತೆ ಕಡಿಮೆ ಇತ್ತು.

ಪ್ರಶ್ನೆ: ಮರ್ರೆ ಎರಡು ಸಲ ಚಾಂಪಿಯನ್ ಆದರು. ಆದರೂ ದಿಬ್ಬದ ಹೆಸರು ಬದಲಾಗಲಿಲ್ಲವೇಕೆ?

ದಿಬ್ಬ: ಮರ್ರೆ ಮೌಂಡ್ ಎಂಬ ಹೆಸರನ್ನು ಪತ್ರಿಕೆಗಳು ಚಲಾವಣೆಗೆ ತರಲು ಪ್ರಯತ್ನಿಸಿದವು, ಅದು ನಿಲ್ಲಲಿಲ್ಲ. ಮರ್ರೆ 2013ರಲ್ಲಿ ಗೆದ್ದರು, 2016ರಲ್ಲಿ ಮತ್ತೆ ಗೆದ್ದರು, ಆ ವರ್ಷವೇ ವಿಶ್ವದ ಒಂದನೆಯ ಸ್ಥಾನಕ್ಕೇರಿದರು. ದಿಬ್ಬ ಮಾತ್ರ ಒಮ್ಮೆಯೂ ಫೈನಲ್ ತಲುಪದವರ ಹೆಸರಿನಲ್ಲಿಯೇ ಉಳಿಯಿತು. ಗೆದ್ದವನ ಬಗ್ಗೆ ವಾದಿಸಲು ಏನೂ ಉಳಿಯುವುದಿಲ್ಲ, ಸೆಮಿಫೈನಲ್‌ನಲ್ಲಿ ಸೋತವನು ಇಡೀ ವರ್ಷಕ್ಕೆ ಸಾಕಾಗುವಷ್ಟು ವಸ್ತುವನ್ನು ಒದಗಿಸುತ್ತಾನೆ. ಇಲ್ಲಿ ಮಾರುವ ಸ್ಟ್ರಾಬೆರಿ ಮತ್ತು ಕ್ರೀಮಿನ ಬೆಲೆಯನ್ನು 2010ರಿಂದ 2024ರವರೆಗೆ 2.50 ಪೌಂಡಿನಲ್ಲಿಯೇ ಹಿಡಿದಿಟ್ಟಿದ್ದ ಕ್ಲಬ್ಬಿಗೂ, ಅದನ್ನು ತಿನ್ನುವವರ ನಿರೀಕ್ಷೆಯ ಏರಿಕೆಯನ್ನು ತಡೆಯಲು ಆಗಲಿಲ್ಲ.

ಪ್ರಶ್ನೆ: ಹಾಗಾದರೆ ಗೆಲುವಿನ ಸಾಧ್ಯತೆಯನ್ನು ಅಳೆಯುವ ಸರಿಯಾದ ಕ್ರಮ ಯಾವುದು?

ದಿಬ್ಬ: ಜುಲೈ ತಿಂಗಳಲ್ಲಿ ಅದನ್ನು ಅಳೆಯಲು ಹೊರಡದಿರುವುದು. ಸಾಧ್ಯತೆ ಹುಟ್ಟುವುದು ನವೆಂಬರಿನ ಚಳಿಯಲ್ಲಿ, ಮಳೆಗೆ ನೆನೆಯದ ಒಳಾಂಗಣ ಅಂಕಣವೊಂದು ಊರಿನಲ್ಲಿ ಇದೆಯೇ, ಹತ್ತು ವರ್ಷದ ಮಗುವಿಗೆ ಅದರ ಬಾಡಿಗೆ ನಿಲುಕುತ್ತದೆಯೇ, ಹದಿನೈದರಲ್ಲಿ ಆ ಮಗು ಪರದೇಶಕ್ಕೆ ಹೋಗದೆಯೇ ಒಳ್ಳೆಯ ತರಬೇತಿ ಸಿಗುತ್ತದೆಯೇ ಎಂಬ ಪ್ರಶ್ನೆಗಳಲ್ಲಿ. ವಿಂಬಲ್ಡನ್ನಿನ ಲಾಭದ ದೊಡ್ಡ ಪಾಲು ಒಪ್ಪಂದದಂತೆ ಬ್ರಿಟನ್ನಿನ ಲಾನ್ ಟೆನಿಸ್ ಸಂಸ್ಥೆಗೆ ಸೇರುತ್ತದೆ. ಆ ಹಣ ಎಲ್ಲಿ, ಹೇಗೆ ವ್ಯಯವಾಯಿತೆಂಬ ಬಗ್ಗೆ ದಿಬ್ಬದ ಮೇಲೆ ಒಂದು ಮಾತೂ ಕೇಳಿಬಂದದ್ದಿಲ್ಲ. ಎಪ್ಪತ್ತೇಳು ವರ್ಷಗಳ ಲೆಕ್ಕವನ್ನು ಕಂಠಪಾಠ ಮಾಡಿದ್ದ ಅಭಿಮಾನಿಗಳು ಇನ್ನೊಂದು ಲೆಕ್ಕವನ್ನೂ ಗಮನಿಸುವುದು ಒಳ್ಳೆಯದು. 1977ರಲ್ಲಿ ವರ್ಜೀನಿಯಾ ವೇಡ್ ಗೆದ್ದ ಬಳಿಕ 2025ರವರೆಗೆ ಬ್ರಿಟನ್ನಿನ ಯಾವ ಮಹಿಳೆಯೂ ಅಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದಿಲ್ಲ. ಆ ನಿರೀಕ್ಷೆಗೆ 48 ವರ್ಷಗಳು ತುಂಬಿವೆ, ಎಪ್ಪತ್ತೇಳನ್ನು ಮುಟ್ಟುವ ಮುನ್ನ ಏನಾದರೂ ಮಾಡಲು ಇನ್ನೂ 29 ವರ್ಷಗಳ ಅವಕಾಶವಿದೆ.